ಪಾಸಾದ ಪರೀಕ್ಷೆ, ಮರುದಿನದ ತಲೆನೋವು: ಎಳೆಯ ಆಟಗಾರರ ಕನ್ಕಷನ್ ಮತ್ತು ತಪಾಸಣೆಯ ಮಿತಿ

2019ರ ಆಗಸ್ಟ್ 17ರಂದು ಲಾರ್ಡ್ಸ್ ಮೈದಾನದಲ್ಲಿ ಜೋಫ್ರಾ ಆರ್ಚರ್ ಎಸೆದ ಬೌನ್ಸರ್ ಸ್ಟೀವ್ ಸ್ಮಿತ್ ಅವರ ಎಡಗಿವಿಯ ಕೆಳಗೆ, ಕುತ್ತಿಗೆಗೆ ಬಡಿಯಿತು. ಆಗ ಅವರು 80 ರನ್ ಗಳಿಸಿದ್ದರು. ನೆಲಕ್ಕುರುಳಿದ ಅವರನ್ನು ತಂಡದ ವೈದ್ಯರು ಹೊರಗೆ ಕರೆದೊಯ್ದು ಕನ್ಕಷನ್ (ಪೆಟ್ಟಿನಿಂದ ಮಿದುಳಿನ ಕೆಲಸ ಏರುಪೇರಾಗುವುದು) ತಪಾಸಣೆಗಳನ್ನು ಕ್ರಮಪ್ರಕಾರ ಮಾಡಿದರು. ಎಲ್ಲದರಲ್ಲೂ ಸ್ಮಿತ್ ಪಾಸಾದರು. ಮುಕ್ಕಾಲು ಗಂಟೆಯ ನಂತರ ಮತ್ತೆ ಕ್ರೀಸಿಗಿಳಿದು 92ಕ್ಕೆ ಔಟಾದರು. ಮರುದಿನ ಬೆಳಗ್ಗೆ ಎದ್ದಾಗ ತಲೆನೋವು, ಮಂಪರು. ಮತ್ತೊಮ್ಮೆ ಪರೀಕ್ಷಿಸಿದಾಗ ಹಿಂದಿನ ದಿನ ಸರಿಯಾಗಿದ್ದ ಅಂಕಗಳು ಕುಸಿದಿದ್ದವು. ಪಂದ್ಯದ ಉಳಿದ ಭಾಗಕ್ಕೆ ಮಾರ್ನಸ್ ಲಾಬುಶೇನ್ ಟೆಸ್ಟ್ ಕ್ರಿಕೆಟಿನ ಮೊದಲ ಕನ್ಕಷನ್ ಬದಲಿ ಆಟಗಾರರಾಗಿ ಬಂದರು. ಆ ನಿಯಮ ಜಾರಿಗೆ ಬಂದು ಮೂರು ವಾರವೂ ಆಗಿರಲಿಲ್ಲ. ಆಸ್ಟ್ರೇಲಿಯಾ ಕ್ರಿಕೆಟ್‌ನಲ್ಲಿ ಕಂಡುಬರುವ ಕನ್ಕಷನ್‌ಗಳಲ್ಲಿ ಸುಮಾರು ಶೇ 30ರಷ್ಟು ತಡವಾಗಿಯೇ ಪ್ರಕಟವಾಗುತ್ತವೆ ಎಂದು ಆ ದೇಶದ ಕ್ರಿಕೆಟ್ ಮಂಡಳಿ ಆ ಸಂದರ್ಭದಲ್ಲಿ ಹೇಳಿತ್ತು.

ಬೆನ್ನಿಗೆ ಪರಿಣತ ವೈದ್ಯರು, ಹೋಲಿಸಿ ನೋಡಲು ಆರೋಗ್ಯವಾಗಿದ್ದಾಗ ದಾಖಲಿಸಿದ ಅಂಕಗಳು, ತನಗೇನಾಗುತ್ತಿದೆ ಎಂದು ಹೇಳಬಲ್ಲ ಮೂವತ್ತರ ವಯಸ್ಸು ಇವೆಲ್ಲ ಇದ್ದ ಆಟಗಾರನ ವಿಷಯದಲ್ಲೇ ಪೆಟ್ಟು ಬಿದ್ದ ದಿನದ ಪರೀಕ್ಷೆ ಮರುದಿನದ ಸ್ಥಿತಿಯನ್ನು ಹೇಳಲಿಲ್ಲ. ಅಂದ ಮೇಲೆ ಹದಿಮೂರು ವರ್ಷದ ಹುಡುಗನನ್ನೋ ಹುಡುಗಿಯನ್ನೋ ಅಂಗಣದ ಅಂಚಿನಲ್ಲಿ ಕೂರಿಸಿ, ಹತ್ತು ನಿಮಿಷ ಪ್ರಶ್ನೆ ಕೇಳಿ, ‘ಏನೂ ಆಗಿಲ್ಲ’ ಎಂದು ಮತ್ತೆ ಆಟಕ್ಕೆ ಕಳಿಸುವ ಪದ್ಧತಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು? ಈಗಿರುವ ತಪಾಸಣೆಗಳು ಒಂದು ದಿಕ್ಕಿನಲ್ಲಿ ಮಾತ್ರ ನಂಬಿಕೆಗೆ ಅರ್ಹ ಎಂಬುದು ನನ್ನ ವಾದ. ಮಗುವನ್ನು ಆಟದಿಂದ ಹೊರಗಿಡಲು ಅವು ಸಾಕು. ಅದೇ ದಿನ ಮತ್ತೆ ಒಳಗೆ ಬಿಡಲು ಸಾಲವು.

ಲಕ್ಷಣಗಳು ತಡವಾಗುವುದೇಕೆ ಎಂಬುದಕ್ಕೆ ಪೆಟ್ಟಿನ ಸ್ವರೂಪದಲ್ಲೇ ಉತ್ತರವಿದೆ. ತಲೆ ಗಕ್ಕನೆ ತಿರುಗಿದಾಗ ಅಥವಾ ನಿಂತಾಗ ಮಿದುಳಿನ ನರತಂತುಗಳು ಎಳೆದಂತಾಗುತ್ತವೆ. ಜೀವಕೋಶಗಳಿಂದ ಪೊಟ್ಯಾಸಿಯಂ ಹೊರಕ್ಕೆ ಸೋರುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ಗ್ಲುಟಮೇಟ್ ಎಂಬ ರಾಸಾಯನಿಕ ಅತಿಯಾಗಿ ಬಿಡುಗಡೆಯಾಗುತ್ತದೆ. ಈ ಏರುಪೇರನ್ನು ಹದಕ್ಕೆ ತರಲು ಕೋಶಗಳಿಗೆ ಹೆಚ್ಚು ಗ್ಲುಕೋಸ್ ಬೇಕಾಗುತ್ತದೆ. ಅದೇ ಹೊತ್ತಿನಲ್ಲಿ ಮಿದುಳಿನ ರಕ್ತದ ಹರಿವು ತಗ್ಗಿರುತ್ತದೆ. ಬೇಡಿಕೆಗೂ ಪೂರೈಕೆಗೂ ನಡುವಿನ ಈ ಅಂತರವನ್ನು ಕ್ಯಾಲಿಫೋರ್ನಿಯಾದ ಸಂಶೋಧಕರಾದ ಗೀಝಾ ಮತ್ತು ಹೊವ್ಡಾ 2001ರಲ್ಲಿ ವಿವರವಾಗಿ ನಿರೂಪಿಸಿದರು. ಇದು ಒಂದು ಕ್ಷಣದಲ್ಲಿ ಆಗಿ ಮುಗಿಯುವ ಘಟನೆಯಲ್ಲ, ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನಡೆಯುವ ಕ್ರಿಯೆ. ಎಲುಬು ಮುರಿದಂತೆ ಇದು ಚಿತ್ರದಲ್ಲಿ ಕಾಣುವುದೂ ಇಲ್ಲ, ಸಾಮಾನ್ಯ ಸಿ.ಟಿ. ಸ್ಕ್ಯಾನ್ ನಿಚ್ಚಳವಾಗಿಯೇ ಬರುತ್ತದೆ. ‘ಸ್ಕ್ಯಾನ್ ನಾರ್ಮಲ್ ಬಂತು, ಹಾಗಾಗಿ ಏನೂ ಇಲ್ಲ’ ಎಂಬ ಮನೆಮಂದಿಯ ಸಮಾಧಾನ ರಕ್ತಸ್ರಾವದ ಮಟ್ಟಿಗೆ ಸರಿ, ಕನ್ಕಷನ್ ಮಟ್ಟಿಗೆ ತಪ್ಪು.

ಇದರ ಜೊತೆಗೆ ಇನ್ನೂ ಕೆಲವು ಕಾರಣಗಳು ಸೇರಿಕೊಳ್ಳುತ್ತವೆ. ಆಟದ ಬಿಸಿಯಲ್ಲಿ ನೋವು ತಿಳಿಯುವುದಿಲ್ಲ. ಮಿದುಳಿಗೆ ಕೆಲಸ ಕೊಡುವವರೆಗೆ ಅದರ ದಣಿವು ಗೊತ್ತಾಗುವುದಿಲ್ಲ. ಭಾನುವಾರ ಸುಮ್ಮನೆ ಮಲಗಿದ್ದ ಮಗುವಿಗೆ ಸೋಮವಾರ ಗಣಿತದ ತರಗತಿಯಲ್ಲಿ ಬೋರ್ಡಿನ ಅಕ್ಷರ ಮಂಜಾಗುತ್ತದೆ, ಟ್ಯೂಬ್‌ಲೈಟಿನ ಬೆಳಕು ಚುಚ್ಚುತ್ತದೆ, ಓದಿದ ಸಾಲನ್ನೇ ಮತ್ತೆ ಓದಬೇಕಾಗುತ್ತದೆ. ಸಿಡುಕು, ನಿದ್ದೆಗೇಡು, ಸುಮ್ಮಸುಮ್ಮನೆ ಅಳು ಇವು ಕೂಡ ಲಕ್ಷಣಗಳೇ. ಆದರೆ ಹದಿಹರೆಯದ ಮಕ್ಕಳಿರುವ ಮನೆಯಲ್ಲಿ ಇವನ್ನು ಶನಿವಾರದ ಆಟದೊಂದಿಗೆ ತಳುಕು ಹಾಕುವವರು ಯಾರು? ಪ್ರಜ್ಞೆ ತಪ್ಪದಿದ್ದರೆ ಕನ್ಕಷನ್ ಅಲ್ಲ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ವಾಸ್ತವದಲ್ಲಿ ಪ್ರಜ್ಞೆ ತಪ್ಪುವುದು ಹತ್ತರಲ್ಲಿ ಒಂದಕ್ಕಿಂತ ಕಡಿಮೆ ಪ್ರಕರಣಗಳಲ್ಲಿ.

ತಡವಾಗಿ ಬರುವ ಎಲ್ಲವೂ ಕನ್ಕಷನ್ ಅಲ್ಲ ಎಂಬುದನ್ನು ಇಲ್ಲೇ ಹೇಳಬೇಕು. 1998ರ ಫೆಬ್ರುವರಿಯಲ್ಲಿ ಢಾಕಾದಲ್ಲಿ ಹೆಲ್ಮೆಟ್ ಇಲ್ಲದೆ ಫಾರ್ವರ್ಡ್ ಶಾರ್ಟ್ ಲೆಗ್‌ನಲ್ಲಿ ನಿಂತಿದ್ದ ರಮಣ್ ಲಾಂಬಾ ತಲೆಗೆ ಚೆಂಡು ಬಡಿದ ಮೇಲೂ ತಾವೇ ನಡೆದು ಡ್ರೆಸಿಂಗ್ ರೂಮಿಗೆ ಹೋಗಿದ್ದರು. ಆ ಬಳಿಕ ಕುಸಿದವರು ಮತ್ತೆ ಏಳಲಿಲ್ಲ. ಅದು ಮಿದುಳಿನಲ್ಲಾದ ರಕ್ತಸ್ರಾವ. ತಲೆನೋವು ಏರುತ್ತಲೇ ಹೋದರೆ, ಪದೇ ಪದೇ ವಾಂತಿಯಾದರೆ, ಫಿಟ್ಸ್ ಬಂದರೆ, ಕೈಕಾಲು ಸೋತರೆ, ಎಬ್ಬಿಸಿದರೂ ಏಳದಷ್ಟು ಮಂಪರು ಕವಿದರೆ ಅದು ಕಾದು ನೋಡುವ ವಿಷಯವಲ್ಲ, ಆಸ್ಪತ್ರೆಗೆ ಓಡುವ ವಿಷಯ. ಆರಂಭದ ಗಂಟೆಗಳಲ್ಲಿ ಇವೆರಡನ್ನೂ ಹೊರಗಿನಿಂದ ಬೇರ್ಪಡಿಸುವುದು ಕಷ್ಟ. ಪೆಟ್ಟು ಬಿದ್ದ ಮಗುವನ್ನು ಒಂಟಿಯಾಗಿ ಬಿಡಬಾರದು ಎಂಬ ಸೂಚನೆಗೆ ಇದೇ ಕಾರಣ.

ಎಳೆಯರ ಕನ್ಕಷನ್ ಕಾನೂನಿನ ವಿಷಯವಾದದ್ದು ಅಮೆರಿಕದಲ್ಲಿ. 2006ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಶಾಲಾ ಅಮೆರಿಕನ್ ಫುಟ್‌ಬಾಲ್ ಪಂದ್ಯವೊಂದರಲ್ಲಿ ಹದಿಮೂರರ ಝಾಕರಿ ಲಿಸ್ಟೆಡ್ ಎದುರಾಳಿಯನ್ನು ತಡೆಯುವಾಗ ಅವನ ತಲೆ ನೆಲಕ್ಕೆ ಬಡಿಯಿತು. ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಲಗಿದ್ದ ಹುಡುಗ ಸ್ವಲ್ಪ ಹೊತ್ತು ಹೊರಗೆ ಕೂತು, ಉತ್ತರಾರ್ಧದಲ್ಲಿ ಮತ್ತೆ ಆಡಿದ. ಪಂದ್ಯ ಮುಗಿದ ಕೂಡಲೇ ಕಣ್ಣು ಕಾಣುತ್ತಿಲ್ಲ ಎಂದು ಕುಸಿದ. ಜೀವ ಉಳಿಸಲು ತಲೆಬುರುಡೆಯ ಎರಡೂ ಬದಿಯ ಎಲುಬನ್ನು ತೆಗೆಯಬೇಕಾಯಿತು. ಮೊದಲ ಮಾತು ಹೊರಬರಲು ಒಂಬತ್ತು ತಿಂಗಳು ಹಿಡಿಯಿತು. 2009ರ ಮೇ ತಿಂಗಳಲ್ಲಿ ಅವನ ಹೆಸರಿನಲ್ಲೇ ಕಾನೂನು ಬಂತು. ಪ್ರತಿವರ್ಷ ಆಟಗಾರರೂ ತಂದೆತಾಯಿಯರೂ ಕನ್ಕಷನ್ ಮಾಹಿತಿ ಓದಿ ಸಹಿ ಹಾಕಬೇಕು. ಅನುಮಾನ ಬಂದರೆ ಸಾಕು, ಮಗುವನ್ನು ಹೊರಗೆ ಕರೆಯಬೇಕು. ಪರವಾನಗಿಯುಳ್ಳ ವೈದ್ಯಕೀಯ ವೃತ್ತಿಪರರ ಲಿಖಿತ ಒಪ್ಪಿಗೆಯಿಲ್ಲದೆ ಮತ್ತೆ ಆಡಿಸಬಾರದು. 2014ರ ಹೊತ್ತಿಗೆ ಐವತ್ತೂ ರಾಜ್ಯಗಳಲ್ಲಿ ಇಂಥ ಕಾನೂನುಗಳಿದ್ದವು. ಆ ದೇಶದಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳು ಮಕ್ಕಳನ್ನು ಶಾಲೆಯ ಸಾಕರ್ ತಂಡಕ್ಕೆ ಸೇರಿಸುವಾಗ ಹತ್ತಾರು ಕಾಗದಗಳ ನಡುವೆ ಸಹಿ ಹಾಕಿ ಕೊಡುವ ಕನ್ಕಷನ್ ಫಾರಂ ಹುಟ್ಟಿದ್ದು ಹೀಗೆ. ಬಹುಪಾಲು ಜನ ಅದನ್ನು ಓದದೆಯೇ ಸಹಿ ಹಾಕುತ್ತಾರೆ ಎಂಬುದು ನನ್ನ ಗುಮಾನಿ.

ಕೆನಡಾದ ಒಟ್ಟಾವದಲ್ಲಿ 2013ರ ಮೇ ತಿಂಗಳಲ್ಲಿ ತೀರಿಕೊಂಡ ಹದಿನೇಳರ ರೋವನ್ ಸ್ಟ್ರಿಂಜರ್ ಪ್ರಕರಣ ಇನ್ನೊಂದು ಮುಖವನ್ನು ತೋರಿಸುತ್ತದೆ. ರಗ್ಬಿ ಆಡುತ್ತಿದ್ದ ಆಕೆಯ ತಲೆಗೆ ಒಂದೇ ವಾರದೊಳಗೆ ಒಂದಕ್ಕಿಂತ ಹೆಚ್ಚು ಬಾರಿ ಪೆಟ್ಟು ಬಿದ್ದಿತ್ತು. ಕೊನೆಯ ಪಂದ್ಯಕ್ಕೆ ಮುನ್ನ ಆಕೆ ತನಗೆ ಕನ್ಕಷನ್ ಆಗಿರಬಹುದೆಂದು ಗೆಳತಿಯರಿಗೆ ಮೊಬೈಲ್ ಸಂದೇಶ ಕಳಿಸಿದ್ದಳು, ಅದರ ಬಗ್ಗೆ ಅಂತರ್ಜಾಲದಲ್ಲಿ ಹುಡುಕಿಯೂ ಇದ್ದಳು. ದೊಡ್ಡವರಿಗೆ ಮಾತ್ರ ಗೊತ್ತಿರಲಿಲ್ಲ. ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬಿದ್ದು ಮಿದುಳು ಊದಿಕೊಳ್ಳುವ ಇಂಥ ಸಾವುಗಳು ತೀರಾ ಅಪರೂಪ, ಅವುಗಳ ಕಾರಣದ ಬಗ್ಗೆ ವೈದ್ಯರಲ್ಲಿ ಭಿನ್ನಾಭಿಪ್ರಾಯವೂ ಇದೆ. ಆದರೆ ದಾಖಲಾದ ಪ್ರಕರಣಗಳಲ್ಲಿ ಬಹುಪಾಲು ಎಳೆಯರವೇ. 2018ರಲ್ಲಿ ಒಂಟಾರಿಯೊ ಪ್ರಾಂತ ಆಕೆಯ ಹೆಸರಿನಲ್ಲಿ ಕಾನೂನು ಮಾಡಿತು.

ಹೇಳದೆ ಮುಚ್ಚಿಡುವುದು ಆ ಒಬ್ಬ ಹುಡುಗಿಯ ತಪ್ಪೇನಲ್ಲ, ಅದು ಆಟದ ಲೋಕದ ವಾಡಿಕೆ. ಅಮೆರಿಕದ ಮಿಲ್ವಾಕಿ ಪ್ರದೇಶದ ಪ್ರೌಢಶಾಲಾ ಫುಟ್‌ಬಾಲ್ ಆಟಗಾರರನ್ನು ಕೇಳಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ಋತುವಿನಲ್ಲಿ ಕನ್ಕಷನ್ ಆದವರ ಪೈಕಿ ಅದನ್ನು ಯಾರಿಗಾದರೂ ತಿಳಿಸಿದವರು ಶೇ 47 ಮಾತ್ರ. ಉಳಿದವರಲ್ಲಿ ಹೆಚ್ಚಿನವರು ‘ಅಷ್ಟೇನೂ ದೊಡ್ಡದಲ್ಲ ಎನಿಸಿತು’ ಎಂದಿದ್ದರು, ಅನೇಕರು ‘ಆಟದಿಂದ ಹೊರಗಿಡುತ್ತಾರೆ’ ಎಂದಿದ್ದರು. ಮುಚ್ಚಿಟ್ಟು ಆಡುವುದರ ಬೆಲೆ ಎಷ್ಟೆಂಬುದನ್ನು 2016ರ ಒಂದು ಅಧ್ಯಯನ ಲೆಕ್ಕ ಹಾಕಿತು. 12ರಿಂದ 19 ವರ್ಷದೊಳಗಿನ 69 ಆಟಗಾರರಲ್ಲಿ, ಪೆಟ್ಟು ಬಿದ್ದ ಕೂಡಲೇ ಹೊರಬಂದವರು ಚೇತರಿಸಿಕೊಳ್ಳಲು ಸರಾಸರಿ 22 ದಿನ ಬೇಕಾದರೆ, ಆಟ ಮುಂದುವರಿಸಿದವರಿಗೆ 44 ದಿನ ಬೇಕಾಯಿತು. ಸಣ್ಣ ಗುಂಪಿನ ಅಧ್ಯಯನ, ನಿಜ. ಆದರೂ ಒಂದು ಪಂದ್ಯ ತಪ್ಪೀತೆಂದು ಹೇಳದೆ ಉಳಿದವನು ಮೂರು ವಾರ ಹೆಚ್ಚಿಗೆ ಕಳೆದುಕೊಳ್ಳುತ್ತಾನೆ ಎಂಬುದು ಮಕ್ಕಳಿಗೂ ಅರ್ಥವಾಗುವ ಲೆಕ್ಕ.

ಈಗ ತಪಾಸಣೆಯ ಕಡೆಗೆ ಬರೋಣ. ಅಂಗಣದ ಬದಿಯಲ್ಲಿ ಜಗತ್ತಿನಾದ್ಯಂತ ಬಳಕೆಯಲ್ಲಿರುವುದು ಸ್ಕ್ಯಾಟ್ ಎಂಬ ಪರೀಕ್ಷಾಪತ್ರ. ಕ್ರೀಡೆಯಲ್ಲಿನ ಕನ್ಕಷನ್ ಕುರಿತ 2022ರ ಆಮ್‌ಸ್ಟರ್‌ಡ್ಯಾಮ್ ಅಂತರರಾಷ್ಟ್ರೀಯ ಸಮ್ಮೇಳನದ ಫಲವಾಗಿ 2023ರಲ್ಲಿ ಅದರ ಆರನೆಯ ಆವೃತ್ತಿ ಬಂತು. 8ರಿಂದ 12 ವರ್ಷದವರಿಗೆ ಪ್ರತ್ಯೇಕ ಪತ್ರವಿದೆ. ತಲೆನೋವು, ತಲೆಸುತ್ತು, ಬೆಳಕಿನ ಕಿರಿಕಿರಿ ಮುಂತಾದ 22 ಲಕ್ಷಣಗಳಿಗೆ ಆಟಗಾರನೇ ಸೊನ್ನೆಯಿಂದ ಆರರವರೆಗೆ ಅಂಕ ಕೊಟ್ಟುಕೊಳ್ಳಬೇಕು. ಬಳಿಕ ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ಪದಗಳನ್ನು ಪರೀಕ್ಷಕರು ಓದುತ್ತಾರೆ, ನೆನಪಿರುವಷ್ಟನ್ನು ಹೇಳಬೇಕು. ಹೀಗೆ ಮೂರು ಸಲ. ಅಂಕಿಗಳನ್ನು ಹಿಂದುಮುಂದಾಗಿ ಹೇಳುವುದು, ಡಿಸೆಂಬರಿನಿಂದ ಜನವರಿಗೆ ತಿಂಗಳುಗಳನ್ನು ಒಪ್ಪಿಸುವುದು, ಸೊಂಟದ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಒಂಟಿ ಕಾಲಿನಲ್ಲಿ ಇಪ್ಪತ್ತು ಸೆಕೆಂಡ್ ನಿಲ್ಲುವುದು. ಕನಿಷ್ಠ ಐದು ನಿಮಿಷ ಕಳೆದ ಮೇಲೆ ಆ ಹತ್ತು ಪದಗಳನ್ನು ಮತ್ತೆ ಕೇಳುತ್ತಾರೆ. ಸರಿಯಾಗಿ ಮಾಡಿದರೆ ಹತ್ತು-ಹದಿನೈದು ನಿಮಿಷಕ್ಕೆ ಕಡಿಮೆಯಿಲ್ಲ.

ಒಂದೊಂದು ಹಂತದಲ್ಲೂ ಜಾರುವ ಜಾಗಗಳಿವೆ. ಲಕ್ಷಣಗಳ ಪಟ್ಟಿ ಆಟಗಾರನ ಪ್ರಾಮಾಣಿಕತೆಯ ಮೇಲೆ ನಿಂತಿದೆ. ಸಮತೋಲನದ ಪರೀಕ್ಷೆಯಲ್ಲಿ ಓಡಿ ದಣಿದವನೂ ಪಾದ ಉಳುಕಿದವನೂ ತಪ್ಪುತ್ತಾರೆ. ಹಿಂದೆ ಐದು ಪದಗಳ ಪಟ್ಟಿ ಇದ್ದಾಗ ಕನ್ಕಷನ್ ಆದವರೂ ಆಗದವರೂ ಒಂದೇ ಸಮ ಪೂರ್ಣ ಅಂಕ ಗಳಿಸುತ್ತಿದ್ದರು, ಹಾಗಾಗಿ ಅದನ್ನು ಹತ್ತಕ್ಕೆ ಏರಿಸಬೇಕಾಯಿತು. ಓದಿನಲ್ಲಿ ತೊಡಕಿರುವ, ಗಮನ ನಿಲ್ಲಿಸಲು ಕಷ್ಟಪಡುವ ಮಕ್ಕಳ ಅಂಕ ಪೆಟ್ಟು ಬೀಳದಿದ್ದಾಗಲೂ ಕಡಿಮೆಯೇ. ಕನ್ನಡ ಮಾಧ್ಯಮದ ಹುಡುಗನಿಗೆ ಇಂಗ್ಲಿಷ್ ಪದಪಟ್ಟಿ ಓದಿದರೆ ಅಳೆದಂತಾಗುವುದು ಅವನ ಮಿದುಳನ್ನೋ ಇಂಗ್ಲಿಷನ್ನೋ ಎಂಬ ಪ್ರಶ್ನೆಯೂ ಇದೆ. ಮುಖ್ಯ ಮಾತನ್ನು ಪರೀಕ್ಷಾಪತ್ರವೇ ಒಪ್ಪಿಕೊಂಡಿದೆ: ಅಂಕಗಳು ಸರಿಯಿದ್ದರೂ ಕನ್ಕಷನ್ ಇರಬಹುದು, ಇದೊಂದನ್ನೇ ನೆಚ್ಚಿ ‘ಇದೆ’ ಅಥವಾ ‘ಇಲ್ಲ’ ಎಂದು ತೀರ್ಮಾನಿಸಬಾರದು ಎಂದು ಅದರಲ್ಲೇ ಮುದ್ರಿಸಲಾಗಿದೆ. ಪೆಟ್ಟು ಬಿದ್ದ ಮೂರು ದಿನಗಳೊಳಗೆ ಅದರ ಉಪಯೋಗ ಹೆಚ್ಚು. ದಿನ ಕಳೆದಂತೆ ಬೇರ್ಪಡಿಸುವ ಶಕ್ತಿ ಕುಂದುತ್ತದೆ. ಮುಂದಿನ ದಿನಗಳಿಗೆಂದು ಆಮ್‌ಸ್ಟರ್‌ಡ್ಯಾಮ್ ಗುಂಪು ಮಲಗಿದಾಗ ಮತ್ತು ನಿಂತಾಗಿನ ರಕ್ತದೊತ್ತಡ, ಕಣ್ಣಿನ ಚಲನೆ, ನಿದ್ದೆ, ಮನಸ್ಥಿತಿ ಎಲ್ಲವನ್ನೂ ನೋಡುವ ಬೇರೊಂದು ಪತ್ರವನ್ನು ಸಿದ್ಧಪಡಿಸಿದೆ. ಅದು ಕ್ಲಿನಿಕ್ಕಿನಲ್ಲಿ ಮಾಡುವಂಥದ್ದು.

ಇನ್ನೊಂದು ಬಗೆಯದು ಕಂಪ್ಯೂಟರ್ ಪರೀಕ್ಷೆ. ಪಿಟ್ಸ್‌ಬರ್ಗ್‌ನಲ್ಲಿ 1990ರ ದಶಕದಲ್ಲಿ ರೂಪುಗೊಂಡ ಇಂಪ್ಯಾಕ್ಟ್ ಇವುಗಳಲ್ಲಿ ಹೆಚ್ಚು ಪ್ರಸಿದ್ಧ; 2016ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಅನುಮತಿಯನ್ನೂ ಪಡೆಯಿತು. ಋತುವಿನ ಆರಂಭದಲ್ಲಿ ಆರೋಗ್ಯವಾಗಿದ್ದಾಗ ಒಮ್ಮೆ ಪರೀಕ್ಷಿಸಿ ಬುನಾದಿ ಅಂಕ ಇಟ್ಟುಕೊಳ್ಳುವುದು, ಪೆಟ್ಟು ಬಿದ್ದ ಮೇಲೆ ಮತ್ತೆ ಪರೀಕ್ಷಿಸಿ ಹೋಲಿಸುವುದು ಇದರ ಕ್ರಮ. ಕೇಳಲು ತರ್ಕಬದ್ಧವಾಗಿದೆ. ಆದರೆ ಈ ಹೋಲಿಕೆಗೆ ಅರ್ಥ ಬರಬೇಕಾದರೆ ಪೆಟ್ಟು ಬೀಳದ ವ್ಯಕ್ತಿಯ ಅಂಕ ಎರಡು ಸಲವೂ ಹೆಚ್ಚುಕಡಿಮೆ ಒಂದೇ ಇರಬೇಕು. ಬೆಳಗ್ಗೆ ಒಂದು ತೂಕ, ಸಂಜೆ ಇನ್ನೊಂದು ತೂಕ ತೋರುವ ತಕ್ಕಡಿಯಲ್ಲಿ ಚಿನ್ನ ತೂಗಲಾಗದು. ಈ ಸ್ಥಿರತೆಯನ್ನು ಸೊನ್ನೆಯಿಂದ ಒಂದರವರೆಗಿನ ಸೂಚ್ಯಂಕದಲ್ಲಿ ಅಳೆಯುತ್ತಾರೆ. ಒಬ್ಬ ವ್ಯಕ್ತಿಯ ಬಗ್ಗೆ ತೀರ್ಮಾನ ಮಾಡಲು ಕನಿಷ್ಠ 0.75 ಇರಬೇಕೆಂದು ಕೆಲವರು, 0.90 ಬೇಕೆಂದು ಕೆಲವರು ಹೇಳುತ್ತಾರೆ. ಬ್ರೋಲಿಯೊ ಮತ್ತು ಸಂಗಡಿಗರು 2007ರಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು 45 ದಿನಗಳ ಅಂತರದಲ್ಲಿ ಪರೀಕ್ಷಿಸಿದಾಗ ಇಂಪ್ಯಾಕ್ಟ್‌ನ ವಿವಿಧ ಅಂಗಗಳಿಗೆ ಸಿಕ್ಕಿದ್ದು 0.15ರಿಂದ 0.39. ನಾಲ್ಕು ವರ್ಷಗಳ ನಂತರ ಎಲ್ಬಿನ್ ಮತ್ತು ಸಂಗಡಿಗರು ಪ್ರೌಢಶಾಲಾ ಆಟಗಾರರನ್ನು ಒಂದು ವರ್ಷದ ಅಂತರದಲ್ಲಿ ಪರೀಕ್ಷಿಸಿದಾಗ ಕೆಲಸದ ವೇಗಕ್ಕೆ 0.85, ಪದಗಳ ನೆನಪಿಗೆ 0.62 ಬಂತು.

ಒಂದೇ ಪರೀಕ್ಷೆಯ ಬಗ್ಗೆ ಇಷ್ಟು ದೂರದ ಅಂಕಿಗಳು ಬಂದಾಗ ಮಾರುವವರು ದೊಡ್ಡದನ್ನೂ ಟೀಕಿಸುವವರು ಚಿಕ್ಕದನ್ನೂ ಎತ್ತಿ ಹಿಡಿಯುತ್ತಾರೆ. ಈ ಕ್ಷೇತ್ರದ ಸಂಶೋಧನೆಯಲ್ಲಿ ಪರೀಕ್ಷೆಯನ್ನು ರೂಪಿಸಿದವರ ಪಾಲೂ ಗಣನೀಯವಾಗಿದೆ ಎಂಬ ಟೀಕೆ ಹಳೆಯದು. ನನಗೆ ಮುಖ್ಯವೆನಿಸುವುದು ಬೇರೆ. ಅನುಕೂಲಕರ ಅಂಕಿಗಳನ್ನೇ ನಂಬಿದರೂ ಪದಗಳ ನೆನಪಿನಂಥ ಅಂಗಗಳು ಮೇಲಿನ ಮಾನದಂಡವನ್ನು ಮುಟ್ಟುವುದಿಲ್ಲ. ಕನ್ಕಷನ್‌ನಲ್ಲಿ ಮೊದಲು ಏರುಪೇರಾಗುವವುಗಳಲ್ಲಿ ನೆನಪೂ ಒಂದು. ಮಕ್ಕಳ ವಿಷಯದಲ್ಲಿ ಬುನಾದಿಯೇ ಚಲಿಸುತ್ತಿರುತ್ತದೆ, ಏಕೆಂದರೆ ಬೆಳೆಯುವ ಮಿದುಳಿನ ಅಂಕ ವರ್ಷದಿಂದ ವರ್ಷಕ್ಕೆ ಏರುತ್ತದೆ. ಎರಡು ವರ್ಷ ಹಳೆಯ ಬುನಾದಿಗೆ ಹೋಲಿಸಿದರೆ ಪೆಟ್ಟು ಬಿದ್ದ ಮಗು ‘ಮೊದಲಿನಂತೆಯೇ ಇದೆ’ ಎನಿಸಿಬಿಡಬಹುದು. ಇಪ್ಪತ್ತು ಮಕ್ಕಳನ್ನು ಒಂದೇ ಕಂಪ್ಯೂಟರ್ ಕೊಠಡಿಯಲ್ಲಿ ಗಲಾಟೆಯ ನಡುವೆ ಕೂರಿಸಿ ಪಡೆದ ಅಂಕ ಇನ್ನೊಂದು ಕಥೆ. ಬೇಕೆಂದೇ ಬುನಾದಿ ಅಂಕ ತಗ್ಗಿಸಿಕೊಳ್ಳುವ ಉಪಾಯವೂ ಇದೆ. 2012ರ ಒಂದು ಪ್ರಯೋಗದಲ್ಲಿ ಹಾಗೆ ಮಾಡಲು ಹೇಳಿದ ಕಾಲೇಜು ವಿದ್ಯಾರ್ಥಿಗಳಲ್ಲಿ ಶೇ 11 ಮಂದಿ ಸಿಕ್ಕಿಬೀಳದೆ ಪಾರಾದರು. ಬುನಾದಿ ಪರೀಕ್ಷೆ ಕಡ್ಡಾಯವಲ್ಲ ಎಂದು ಅಂತರರಾಷ್ಟ್ರೀಯ ಒಮ್ಮತದ ಹೇಳಿಕೆಯೇ ಹೇಳುತ್ತಿರುವುದರಲ್ಲಿ ಅಚ್ಚರಿಯಿಲ್ಲ.

ಹಾಗೆಂದು ಪರೀಕ್ಷೆಗಳನ್ನು ಎಸೆಯಬೇಕಾಗಿಲ್ಲ. 2004ರಲ್ಲಿ ಲವೆಲ್ ಮತ್ತು ಸಂಗಡಿಗರು ಹದಿನೈದು ನಿಮಿಷದೊಳಗೆ ಎಲ್ಲ ಲಕ್ಷಣಗಳೂ ಮಾಯವಾಗಿದ್ದ ಪ್ರೌಢಶಾಲಾ ಆಟಗಾರರನ್ನು ಒಂದೂವರೆ ದಿನದ ಬಳಿಕ ಪರೀಕ್ಷಿಸಿದಾಗ ಅವರ ನೆನಪಿನ ಅಂಕ ಇಳಿದಿತ್ತು, ಲಕ್ಷಣಗಳೂ ಮತ್ತೆ ತಲೆಯೆತ್ತಿದ್ದವು. ‘ಸ್ವಲ್ಪ ತಲೆ ಗಿರ್ ಅಂತು, ಈಗ ಸರಿಹೋಯಿತು’ ಎಂಬವರನ್ನು ಅದೇ ಪಂದ್ಯದಲ್ಲಿ ಆಡಿಸಬಹುದೆಂಬ ಹಳೆಯ ಸಲಹೆಯನ್ನು ಬುಡಮೇಲು ಮಾಡಲು ನೆರವಾದದ್ದು ಇಂಥ ಪರೀಕ್ಷೆಗಳೇ. ಅಲ್ಲಿ ಪರೀಕ್ಷೆ ತೊಂದರೆಯನ್ನು ಹಿಡಿಯಿತು, ‘ಸರಿಯಾಗಿದ್ದಾನೆ’ ಎಂದು ಪ್ರಮಾಣಪತ್ರ ಕೊಡಲಿಲ್ಲ.

ಈ ವ್ಯತ್ಯಾಸವನ್ನು ಚೆನ್ನಾಗಿ ಅರಗಿಸಿಕೊಂಡ ಆಟ ರಗ್ಬಿ. ವೃತ್ತಿಪರ ವಯಸ್ಕರ ಪಂದ್ಯಗಳಲ್ಲಿ ತಲೆಗೆ ಪೆಟ್ಟು ಬಿದ್ದರೆ ಮೂರು ಹಂತದ ತಪಾಸಣೆ ನಡೆಯುತ್ತದೆ: ಒಂದು ಕೂಡಲೇ, ಇನ್ನೊಂದು ಮೂರು ಗಂಟೆಯೊಳಗೆ, ಮೂರನೆಯದು 36ರಿಂದ 48 ಗಂಟೆಗಳ ನಡುವೆ, ಅಂದರೆ ಎರಡು ರಾತ್ರಿ ಮಲಗೆದ್ದ ಮೇಲೆ. ತಡವಾದ ಕನ್ಕಷನ್ ಸಿಕ್ಕಿಬೀಳುವುದು ಆ ಮೂರನೆಯ ಬಲೆಯಲ್ಲಿ. ಪ್ರಜ್ಞೆ ತಪ್ಪಿದ, ತೂರಾಡಿದ ಆಟಗಾರನಿಗೆ ಪರೀಕ್ಷೆಯ ಅವಕಾಶವೇ ಇಲ್ಲ, ಸೀದಾ ಹೊರಕ್ಕೆ. ಗಮನಿಸಬೇಕಾದದ್ದೆಂದರೆ, ಮಕ್ಕಳ ರಗ್ಬಿಯಲ್ಲಿ ಈ ತಪಾಸಣೆಯನ್ನೇ ಬಳಸುವುದಿಲ್ಲ. ಅನುಮಾನ ಬಂದರೆ ಮಗು ಹೊರಗೆ, ಆ ದಿನ ಮತ್ತೆ ಒಳಗಿಲ್ಲ. ಬ್ರಿಟನ್ 2023ರಲ್ಲಿ ಹವ್ಯಾಸಿ ಆಟಗಳಿಗೆ, ಆಸ್ಟ್ರೇಲಿಯಾ 2024ರಲ್ಲಿ ಎಳೆಯರಿಗೂ ಸಮುದಾಯ ಮಟ್ಟದ ಆಟಗಳಿಗೂ ಹೊರಡಿಸಿದ ಮಾರ್ಗಸೂಚಿಗಳು ಇನ್ನೂ ಮುಂದೆ ಹೋಗಿ, ಸ್ಪರ್ಧೆಗೆ ಮರಳಲು ಕನಿಷ್ಠ 21 ದಿನ ಎಂದು ಗೆರೆ ಎಳೆದವು. ಅದರಲ್ಲಿ 14 ದಿನ ಲಕ್ಷಣವಿಲ್ಲದೆ ಕಳೆದಿರಬೇಕು. ಎಲ್ಲ ಮಕ್ಕಳಿಗೂ 21 ದಿನ ಬೇಕಿಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ಯಾರಿಗೆ ಬೇಕು, ಯಾರಿಗೆ ಬೇಡ ಎಂದು ನಿಖರವಾಗಿ ಹೇಳುವ ಪರೀಕ್ಷೆ ಇಲ್ಲದಿರುವಾಗ ಕ್ಯಾಲೆಂಡರನ್ನು ನಂಬುವುದು ಪ್ರಾಮಾಣಿಕ ನಿಲುವು. ಕೆನಡಾದ ತುರ್ತು ಚಿಕಿತ್ಸಾ ವಿಭಾಗಗಳಿಗೆ ಬಂದ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಸೇರಿಸಿಕೊಂಡ 2016ರ ಅಧ್ಯಯನದಲ್ಲಿ ಸುಮಾರು ಶೇ 30 ಮಕ್ಕಳಿಗೆ ನಾಲ್ಕು ವಾರದ ನಂತರವೂ ಲಕ್ಷಣಗಳು ಉಳಿದಿದ್ದವು.

21 ದಿನ ಎಂದರೆ ಕತ್ತಲ ಕೋಣೆಯಲ್ಲಿ ಮಲಗಿಸುವುದಲ್ಲ. ಆ ಕಾಲ ಹೋಯಿತು. ಮೊದಲ 24ರಿಂದ 48 ಗಂಟೆ ಹಗುರ ವಿಶ್ರಾಂತಿ, ಕಡಿಮೆ ಮೊಬೈಲ್. ಆಮೇಲೆ ನಡಿಗೆ, ಶಾಲೆ, ಲಕ್ಷಣ ಹೆಚ್ಚದಷ್ಟು ವ್ಯಾಯಾಮ. 2019ರಲ್ಲಿ 103 ಹದಿಹರೆಯದವರ ಮೇಲೆ ನಡೆದ ಪ್ರಯೋಗದಲ್ಲಿ ಹಗುರ ಏರೋಬಿಕ್ ವ್ಯಾಯಾಮ ಮಾಡಿದವರು 13 ದಿನಗಳಲ್ಲಿ, ಬರೀ ಮೈ ಸಡಿಲಿಸುವ ವ್ಯಾಯಾಮ ಮಾಡಿದವರು 17 ದಿನಗಳಲ್ಲಿ ಚೇತರಿಸಿಕೊಂಡರು. ರಕ್ತಪರೀಕ್ಷೆಯಿಂದಲೇ ಎಲ್ಲ ತೀರ್ಮಾನವಾಗುವ ದಿನ ಇನ್ನೂ ಬಂದಿಲ್ಲ: 2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಪರೀಕ್ಷೆ ವಯಸ್ಕರಿಗೆ ಸಿ.ಟಿ. ಸ್ಕ್ಯಾನ್ ಬೇಕೇ ಬೇಡವೇ ಎಂದು ಹೇಳುತ್ತದೆಯೇ ಹೊರತು ಕನ್ಕಷನ್ ಆಗಿದೆಯೇ ಎಂದಲ್ಲ.

ನಮ್ಮಲ್ಲಿ ಈ ವಿಷಯ ಚರ್ಚೆಗೆ ಬರುವುದು ಬಹುತೇಕ ಕ್ರಿಕೆಟ್ ಮೂಲಕ, ಅದೂ ಜಗಳವಾಗಿ. 2020ರ ಡಿಸೆಂಬರ್‌ನಲ್ಲಿ ಕ್ಯಾನ್‌ಬೆರಾದ ಟಿ20 ಪಂದ್ಯದಲ್ಲಿ ಭಾರತದ ಇನಿಂಗ್ಸ್‌ನ ಕೊನೆಯ ಓವರಿನಲ್ಲಿ ರವೀಂದ್ರ ಜಡೇಜ ಅವರ ಹೆಲ್ಮೆಟ್‌ಗೆ ಚೆಂಡು ಬಡಿದಿತ್ತು. ಬ್ಯಾಟಿಂಗ್ ಮುಂದುವರಿಸಿದ ಅವರಿಗೆ ಇನಿಂಗ್ಸ್ ವಿರಾಮದಲ್ಲಿ ತಲೆಸುತ್ತು ಬಂತು. ಬದಲಿಗೆ ಬಂದ ಯಜುವೇಂದ್ರ ಚಾಹಲ್ ಮೂರು ವಿಕೆಟ್ ಪಡೆದು ಪಂದ್ಯಶ್ರೇಷ್ಠರಾದಾಗ ಎದುರಾಳಿ ಪಾಳಯ ಸಿಟ್ಟಾಯಿತು. ತಡವಾಗಿ ಬಂದ ಲಕ್ಷಣ ಎಂದರೆ ಕುತಂತ್ರ ಎಂಬ ಗುಮಾನಿ ಅಂದಿನಿಂದ ಇಂದಿನವರೆಗೂ ಟಿ.ವಿ. ಚರ್ಚೆಗಳಲ್ಲಿ ಇದೆ. ಕರ್ನಾಟಕದ ಮಯಂಕ್ ಅಗರವಾಲ್ 2021ರ ಆಗಸ್ಟ್‌ನಲ್ಲಿ ನಾಟಿಂಗ್‌ಹ್ಯಾಮ್‌ನ ನೆಟ್ಸ್‌ನಲ್ಲಿ ಸಿರಾಜ್ ಎಸೆತ ಹೆಲ್ಮೆಟ್‌ಗೆ ಬಡಿದು ಮೊದಲ ಟೆಸ್ಟ್‌ನಿಂದ ಹೊರಗುಳಿದರು. ಅಲ್ಲಿ ವೈದ್ಯರಿದ್ದರು, ನಿಯಮವಿತ್ತು.

ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟದಲ್ಲಿ ಸಾಮಾನ್ಯವಾಗಿ ಇರುವವರು ದೈಹಿಕ ಶಿಕ್ಷಕರು, ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಐಸ್‌ಗಡ್ಡೆ. ಭಾರತದಲ್ಲಿ ಲಿಸ್ಟೆಡ್ ಕಾನೂನಿನಂಥದ್ದು ಇಲ್ಲ. ಕಬಡ್ಡಿಯಲ್ಲಿ ಮೂರು-ನಾಲ್ಕು ಮಂದಿ ಸರಪಳಿ ಹಿಡಿದು ರೈಡರನ್ನು ಕೆಡವುವಾಗ ಹಿಂದಲೆ ನೆಲಕ್ಕೆ ಬಡಿಯುವುದು ನೋಡಿದವರಿಗೆ ಹೊಸದೇನಲ್ಲ. ಮುಖಕ್ಕೆ ನೀರು ಚಿಮುಕಿಸಿ, ‘ಎಷ್ಟು ಬೆರಳು?’ ಎಂದು ಕೇಳಿ, ಎಬ್ಬಿಸಿ ನಿಲ್ಲಿಸುವುದೇ ಅಲ್ಲಿನ ತಪಾಸಣೆ. ಇಂಥಲ್ಲಿಗೆ ಕಂಪ್ಯೂಟರ್ ಪರೀಕ್ಷೆ ತರಬೇಕೆಂದು ಹೇಳುವುದು ವ್ಯರ್ಥ ಮಾತ್ರವಲ್ಲ, ಸುಳ್ಳು ಧೈರ್ಯಕ್ಕೂ ದಾರಿ. ಕ್ರೀಡಾಕೂಟದ ವೇಳಾಪಟ್ಟಿಯನ್ನೇ ನೋಡಿ: ಲೀಗ್, ಸೆಮಿಫೈನಲ್, ಫೈನಲ್ ಎಲ್ಲವೂ ಒಂದೆರಡು ದಿನದೊಳಗೆ ಮುಗಿಯುತ್ತವೆ. ಲಕ್ಷಣಗಳು ತಲೆದೋರುವ 24ರಿಂದ 48 ಗಂಟೆಗಳ ಅವಧಿ ಕಳೆಯುವ ಮುನ್ನವೇ ಕೂಟ ಮುಗಿದಿರುತ್ತದೆ. ಮಗು ಎಲ್ಲ ಪಂದ್ಯಗಳನ್ನೂ ಆಡಿ ಊರಿಗೆ ಮರಳಿದ ಮೇಲೆಯೇ ತಲೆನೋವು ಗೊತ್ತಾಗುವ ಸಂಭವ ಹೆಚ್ಚು. ಹಾಗಾಗಿ ಇಲ್ಲಿ ಕೆಲಸಕ್ಕೆ ಬರುವ ನಿಯಮ ಒಂದೇ: ತಲೆಗೆ ಪೆಟ್ಟು ಬಿದ್ದು ಅನುಮಾನ ಹುಟ್ಟಿದ ಮಗುವಿಗೆ ಆ ಕೂಟ ಅಲ್ಲಿಗೇ ಮುಗಿಯಿತು, ಯಾವ ಪರೀಕ್ಷೆಯಲ್ಲಿ ಪಾಸಾದರೂ ಸರಿ. ಪೋಷಕರಿಗೆ ಒಂದು ಚೀಟಿ ಹೋಗಬೇಕು. ಯಾವಾಗ, ಹೇಗೆ ಪೆಟ್ಟು ಬಿತ್ತು, ಎರಡು ದಿನ ಏನನ್ನು ಗಮನಿಸಬೇಕು, ಯಾವ ಲಕ್ಷಣ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು ಎಂಬುದು ಅದರಲ್ಲಿ ಕನ್ನಡದಲ್ಲಿ ಇರಬೇಕು. ತರಗತಿಯ ಶಿಕ್ಷಕರಿಗೂ ಅದರ ಪ್ರತಿ ತಲುಪಬೇಕು, ಏಕೆಂದರೆ ಸೋಮವಾರ ಆ ಮಗುವನ್ನು ನೋಡುವವರು ಅವರು. ಇದರಿಂದ ತಂಡಕ್ಕೆ ಅನ್ಯಾಯವಾಗುತ್ತದೆ ಎನ್ನುವಂತಿಲ್ಲ. ಹನ್ನೆರಡು ಮಂದಿಯ ಕಬಡ್ಡಿ ತಂಡದಲ್ಲಿ ಅಂಗಣಕ್ಕಿಳಿಯುವವರು ಏಳು ಮಂದಿ, ಉಳಿದ ಐವರು ಬದಲಿಗೆಂದೇ ಕೂತಿರುತ್ತಾರೆ.